ಅಮ್ಮನ ಕ್ಯಾಲೆಂಡರ್ ಮತ್ತು ನನ್ನ ಕೋಡ್

ನಮ್ಮ ಮನೆ ಸಿದ್ಧಕಟ್ಟೆಯಿಂದ ಸ್ವಲ್ಪ ಒಳಗೆ. ಕಾಗದಪತ್ರದ ಕೆಲಸಕ್ಕೆ ಬಂಟ್ವಾಳ, ನಾನು ಇಂಜಿನಿಯರಿಂಗ್ ಓದಿದ್ದು ಮೂಡುಬಿದಿರೆಯಲ್ಲಿ, ಅತ್ತೆಯ ಮನೆ ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ. ಈ ಮೂರು ಊರುಗಳ ಯಾವ ಮದುವೆಗೆ ಹೋದರೂ ಒಂದೇ ಪ್ರಶ್ನೆ: "ನಿನಗೆ ಎಂತ ಕೆಲಸ ಮಗಾ?" ಸಾಫ್ಟ್‌ವೇರ್ ಅಂದರೆ ಸಾಕು, ಕೈಗೆ ಒಂದು ಹಾಳಾದ ಮೊಬೈಲ್ ಬರುತ್ತದೆ.

ನಿಜ ಹೇಳಬೇಕೆಂದರೆ ನನ್ನ ಕೆಲಸವನ್ನು ವಿವರಿಸಲು ನನಗೂ ಬರುತ್ತಿರಲಿಲ್ಲ. ಹೊಸ ಔಷಧಿಯನ್ನು ಸಾವಿರಾರು ಜನರ ಮೇಲೆ ಪ್ರಯೋಗ ಮಾಡುತ್ತಾರಲ್ಲ, ಆ ಮಾಹಿತಿಯನ್ನು ಜೋಡಿಸಿ ಲೆಕ್ಕ ತೆಗೆಯುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಕಂಪನಿ ಬೆಂಗಳೂರಿನದ್ದು. ಕೊರೊನಾ ಬಂದ ಮೇಲೆ ನಾನು ಊರಿನಿಂದಲೇ, ಚಾವಡಿಯ ಮೂಲೆಯ ಮೇಜಿನಿಂದಲೇ ಕೆಲಸ ಮಾಡುತ್ತಿದ್ದೇನೆ. ಯಾವ ಗುಂಪಿನವರಿಗೆ ಎಷ್ಟು ದಿನದಲ್ಲಿ ಏನಾಯಿತು ಎಂಬ ಲೆಕ್ಕಕ್ಕೆ ಸರ್ವೈವಲ್ ಅನಾಲಿಸಿಸ್ ಎನ್ನುತ್ತಾರೆ. ಬದುಕುಳಿಯುವಿಕೆಯ ವಿಶ್ಲೇಷಣೆ ಅಂತ ಕನ್ನಡದಲ್ಲಿ ಹೇಳಬಹುದೇನೋ. ನನಗೆ ಅದು ಬರೀ ಕೋಡ್ ಆಗಿತ್ತು, 2022ರ ಜೂನ್ ತನಕ.

ಆ ಜೂನ್‌ನಲ್ಲಿ, ಅಡಿಕೆಗೆ ಮದ್ದು ಬಿಡುವ ಗಡಿಬಿಡಿಯ ನಡುವೆ, ಅಪ್ಪನಿಗೆ ಹೃದಯಾಘಾತವಾಯಿತು. ಡ್ರಮ್ಮಿನಲ್ಲಿ ಮೈಲುತುತ್ತು, ಸುಣ್ಣ ಕಲಸುತ್ತಿದ್ದವರು ಅಲ್ಲೇ ಕೂತುಬಿಟ್ಟರು. ಮಂಗಳೂರಿನ ಆಸ್ಪತ್ರೆಯಿಂದ ಜುಲೈ 3ರಂದು ಮನೆಗೆ ಬಂದರು. ಜೀವ ಉಳಿಯಿತು, ಆದರೆ ಹೃದಯ ಸೋತಿತ್ತು. ಪಂಪಿನ ಶಕ್ತಿ ಕಡಿಮೆಯಾಗಿದೆ, ಇದನ್ನು ಹಾರ್ಟ್ ಫೇಲ್ಯೂರ್ ಎನ್ನುತ್ತೇವೆ, ಕಾಲು ಊದಿದರೆ, ಮಲಗಿದಾಗ ಉಸಿರು ಕಟ್ಟಿದರೆ ಕೂಡಲೇ ಬನ್ನಿ ಎಂದರು ಡಾಕ್ಟರ್. ಹೊಸ ಮಾತ್ರೆಯೊಂದನ್ನೂ ಬರೆದರು. ಅದೊಂದರ ತಿಂಗಳ ಖರ್ಚೇ ಉಳಿದ ಎಲ್ಲ ಮಾತ್ರೆಗಳಿಗಿಂತ ಹೆಚ್ಚು.

"ಅಷ್ಟು ದುಡ್ಡು ಕೊಟ್ಟರೆ ಎಂತ ಗುಣ ಉಂಟು ಅದರಲ್ಲಿ?" ಎಂದು ಅಪ್ಪ ಕೇಳಿದರು. ಆ ಮಾತ್ರೆಯ ಪ್ರಯೋಗದ ಹೆಸರು ನನಗೆ ಗೊತ್ತಿತ್ತು: ಪ್ಯಾರಡೈಮ್-ಎಚ್‌ಎಫ್. 2014ರಲ್ಲಿ ಪ್ರಕಟವಾದದ್ದು, ಎಂಟು ಸಾವಿರಕ್ಕೂ ಹೆಚ್ಚು ರೋಗಿಗಳು. ನಾನು ಉತ್ಸಾಹದಿಂದ ಹೇಳಿದೆ: "ಅಪಾಯ ನೂರಕ್ಕೆ 20ರಷ್ಟು ಕಡಿಮೆಯಾಗುತ್ತದೆ ಅಪ್ಪ."

ಒಲೆಯ ಹತ್ತಿರ ಇದ್ದ ಅಮ್ಮ ಅಲ್ಲಿಂದಲೇ ಕೇಳಿದರು: "ಯಾವುದರ ಅಪಾಯ?"

"ಹೃದಯದಿಂದ ಸಾಯುವುದು, ಇಲ್ಲದಿದ್ದರೆ ಹಾರ್ಟ್ ಫೇಲ್ಯೂರ್ ಆಗಿ ಆಸ್ಪತ್ರೆಗೆ ಸೇರುವುದು. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದು."

"ಸಾಯುವುದೂ ಆಸ್ಪತ್ರೆಗೆ ಹೋಗುವುದೂ ಒಂದೇನಾ ಮಾರಾಯ್ತಿ? ಇವರು ಮನೆಯಲ್ಲಿ ಎಷ್ಟು ದಿನ ಇರ್ತಾರೆ ಅಂತ ಅದರಲ್ಲಿ ಬರೆದುಂಟಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆರು ವರ್ಷ ಅದೇ ಕೆಲಸ ಮಾಡಿದ್ದರೂ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಸಾವು, ಹೃದಯಾಘಾತ, ಆಸ್ಪತ್ರೆ ಸೇರುವುದು ಇವೆಲ್ಲ ಒಂದೇ ಕಾಯಿಲೆಯ ಬೇರೆ ಬೇರೆ ಮುಖಗಳು. ಒಂದೊಂದನ್ನೇ ನೋಡಿದರೆ ಸಂಖ್ಯೆ ಚಿಕ್ಕದು. ವ್ಯತ್ಯಾಸ ಕಾಣಬೇಕಾದರೆ ಇನ್ನೂ ಎಷ್ಟೋ ಸಾವಿರ ಜನ, ಇನ್ನೂ ಎಷ್ಟೋ ವರ್ಷ ಬೇಕು. ಆದ್ದರಿಂದ ಎಲ್ಲವನ್ನೂ ಒಂದು ಕಟ್ಟಾಗಿ ಕಟ್ಟಿ, ಕಟ್ಟಿನಲ್ಲಿರುವ ಯಾವುದೇ ಒಂದು ಮೊದಲ ಬಾರಿ ಆಗುವ ತನಕ ಎಷ್ಟು ದಿನ ಎಂದು ಎಣಿಸುತ್ತಾರೆ. ಇದು ಹೆಚ್ಚಿನ ಹೃದಯದ ಪ್ರಯೋಗಗಳ ರೂಢಿ.

ನಮ್ಮ ಬೆಂಗಳೂರಿನ ಹತ್ತಿರದ ಉದಾಹರಣೆಯೇ ಇದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಮುಂದೆ ಕೆನಡಾದಲ್ಲಿ ಹೆಸರು ಮಾಡಿದ ಡಾ. ಸಲೀಂ ಯೂಸುಫ್, ಸೇಂಟ್ ಜಾನ್ಸ್‌ನಲ್ಲೇ ಇದ್ದ ಡಾ. ಪ್ರೇಮ್ ಪೈಸ್ ಮೊದಲಾದವರು ಮುನ್ನಡೆಸಿದ ಟಿಪ್ಸ್-3 ಎಂಬ ಪ್ರಯೋಗ. ರಕ್ತದೊತ್ತಡದ ಮೂರು ಔಷಧಿ, ಕೊಲೆಸ್ಟರಾಲಿನದ್ದೊಂದು, ಎಲ್ಲ ಸೇರಿದ ಒಂದೇ ಪಾಲಿಪಿಲ್. 9 ದೇಶಗಳ 5,713 ಜನ, ಅವರಲ್ಲಿ ಅರ್ಧಕ್ಕೆ ಹತ್ತಿರ ನಮ್ಮ ದೇಶದವರು. 2020ರಲ್ಲಿ ಫಲಿತಾಂಶ ಬಂತು. ಅದರ ಕಟ್ಟಿನಲ್ಲಿ ಆರು ಸಂಗತಿ: ಹೃದಯ ಅಥವಾ ರಕ್ತನಾಳದ ಕಾರಣದ ಸಾವು, ಹೃದಯಾಘಾತ, ಪಾರ್ಶ್ವವಾಯು, ನಿಂತ ಹೃದಯವನ್ನು ಮತ್ತೆ ಬಡಿಯುವಂತೆ ಮಾಡಿದ್ದು, ಹಾರ್ಟ್ ಫೇಲ್ಯೂರ್, ಕಟ್ಟಿದ ರಕ್ತನಾಳ ಸರಿಪಡಿಸಿದ್ದು. ಸುಮಾರು ನಾಲ್ಕೂವರೆ ವರ್ಷದಲ್ಲಿ ಮಾತ್ರೆ ತಿಂದವರಲ್ಲಿ ಶೇ. 4.4, ಹುಸಿ ಮಾತ್ರೆ ತಿಂದವರಲ್ಲಿ ಶೇ. 5.5 ಜನರಿಗೆ ಇವುಗಳಲ್ಲಿ ಒಂದಾದರೂ ಆಯಿತು. ಒಳ್ಳೆಯ ಪ್ರಯೋಗ, ನಮ್ಮಂಥ ದೇಶಕ್ಕೆ ಬೇಕಾದದ್ದು. ಆದರೆ ಆ ಕಟ್ಟಿನಲ್ಲಿ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದವರಿಗೂ ಒಂದು, ತೀರಿಕೊಂಡವರಿಗೂ ಒಂದು. ಅದಕ್ಕೇ ಒಳ್ಳೆಯ ವರದಿಗಳು ಕಟ್ಟಿನ ಲೆಕ್ಕದ ಜೊತೆಗೆ ಒಂದೊಂದರ ಲೆಕ್ಕವನ್ನೂ ಬೇರೆ ಕೊಡುತ್ತವೆ. ನಾವು ಓದುವುದು ಮಾತ್ರ ಮೊದಲನೆಯದನ್ನು.

ಮಾತ್ರೆ ತಂದೆವು. 47ನೇ ದಿನಕ್ಕೆ ಅಪ್ಪನಿಗೆ ಮತ್ತೆ ಉಸಿರು ಕಟ್ಟಿತು. ಆಗಸ್ಟಿನ ಮಳೆಯಲ್ಲಿ ಆಂಬ್ಯುಲೆನ್ಸ್, ಆರು ರಾತ್ರಿ ಆಸ್ಪತ್ರೆ. 2023ರ ಫೆಬ್ರವರಿಯಲ್ಲಿ ಇನ್ನೊಮ್ಮೆ, ಒಂಬತ್ತು ರಾತ್ರಿ. ಆ ವರ್ಷದ ಆರಂಭದಲ್ಲಿ ಮಾತ್ರೆಯ ಪೇಟೆಂಟ್ ಮುಗಿದು ಬೇರೆ ಕಂಪನಿಗಳೂ ತಯಾರಿಸತೊಡಗಿದ್ದರಿಂದ ಬೆಲೆ ಇಳಿಯಿತು, ಅದೊಂದು ಸಮಾಧಾನ.

ಮೂರನೇ ಬಾರಿ ಸೇರಿಸಿದ್ದು 2023ರ ಆಗಸ್ಟಿನಲ್ಲಿ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು ಒಂದು ಪ್ರೋಗ್ರಾಂ ಪರಿಶೀಲಿಸುತ್ತಿದ್ದೆ. ಅದರಲ್ಲಿ ಒಂದು ಸಾಲು. ಕನ್ನಡದಲ್ಲಿ ಹೇಳುವುದಾದರೆ: ಪ್ರತಿ ರೋಗಿಯ ಘಟನೆಗಳನ್ನು ತಾರೀಕಿನ ಪ್ರಕಾರ ಜೋಡಿಸು, ಮೊದಲನೆಯದನ್ನು ಇಟ್ಟುಕೋ, ಉಳಿದದ್ದನ್ನು ಬಿಡು. ಇಂಥ ಸಾಲನ್ನು ನಾನು ನೂರು ಸಲ ಬರೆದಿರಬಹುದು. ಅವತ್ತು ಮಾತ್ರ ಬೆರಳು ನಿಂತಿತು. ಒಳಗೆ ಮಲಗಿರುವ ಅಪ್ಪ ಈ ಪ್ರಯೋಗದಲ್ಲಿ ಇದ್ದಿದ್ದರೆ ಅವರ ಸಾಲಿನಲ್ಲಿ '47, 1' ಎಂದಷ್ಟೇ ಇರುತ್ತಿತ್ತು. ಫೆಬ್ರವರಿಯ ಒಂಬತ್ತು ರಾತ್ರಿ, ಈ ಬೆಂಚು, ಅಮ್ಮ ಫ್ಲಾಸ್ಕಿನಲ್ಲಿ ತಂದ ಗಂಜಿ, ಇವೆಲ್ಲ 'ಉಳಿದದ್ದು'.

ಅವತ್ತು ಸಂಜೆ ನಮ್ಮ ತಂಡದ ಸಂಖ್ಯಾಶಾಸ್ತ್ರಜ್ಞೆಗೆ ಫೋನ್ ಮಾಡಿದೆ. ಧಾರವಾಡದವರು, ನನಗಿಂತ ಹತ್ತು ವರ್ಷ ದೊಡ್ಡವರು. ಸಿಟ್ಟಿನಿಂದಲೇ ಕೇಳಿದೆ, "ಅಕ್ಕಾ, ಎರಡನೇ ಸಲ, ಮೂರನೇ ಸಲದ್ದನ್ನು ಯಾಕೆ ಎಸೆಯುತ್ತೇವೆ?" ಅವರು ನಗಲಿಲ್ಲ. "ಎಸೆಯದ ದಾರಿಗಳೂ ಅದಾವ. ಆದ್ರ ಒಂದೊಂದಕ್ಕೂ ಒಂದೊಂದು ತೊಡಕು. ಮೊದಲು ಪ್ರಶ್ನೆ ಏನು ಅಂತ ಹೇಳು, ಆಮ್ಯಾಲೆ ವಿಧಾನ ನೋಡೋಣ" ಅಂದರು. ಮುಂದಿನ ಕೆಲವು ವಾರ ಅವರು ಹೇಳಿಕೊಟ್ಟದ್ದನ್ನು ನಾನು ನಮ್ಮ ತೋಟದ ಭಾಷೆಗೆ ಹಾಕಿಕೊಂಡು ಅರ್ಥಮಾಡಿಕೊಂಡೆ. ಅಪ್ಪನಿಗೂ ಹಾಗೆಯೇ ಹೇಳಿದೆ. ಅವರಿಗೆ ಹೊತ್ತು ಹೋಗಬೇಕಿತ್ತು, ನನಗೆ ಮಾತಾಡಬೇಕಿತ್ತು.

ಅಪ್ಪನ ಹತ್ತಿರ ಕೊಳೆರೋಗದ ಒಂದು ಹಳೇ ಪುಸ್ತಕ ಇತ್ತು. ಯಾವ ಸಾಲಿನ ಯಾವ ಮರದಲ್ಲಿ ಎಂದು ಎಳೆ ಅಡಿಕೆ ಉದುರಿತು ಎಂಬ ಲೆಕ್ಕ. ವಿಟ್ಲದ ಸಿಪಿಸಿಆರ್‌ಐಯವರು ಹೇಳುವ ಹಾಗೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆಗಾಲದ ಹೊಸ್ತಿಲಲ್ಲಿ ಒಮ್ಮೆ, ಸುಮಾರು 40–45 ದಿನ ಬಿಟ್ಟು ಇನ್ನೊಮ್ಮೆ.

"ಅಪ್ಪ, ಎರಡು ಬಗೆಯ ಮದ್ದು ಉಂಟು ಅಂತ ಇಟ್ಟುಕೊಳ್ಳಿ. ಯಾವುದು ಒಳ್ಳೆಯದು ಅಂತ ಹೇಗೆ ಹೇಳ್ತೀರಿ?"

"ಯಾವುದರಲ್ಲಿ ಕಡಿಮೆ ಉದುರಿತೋ ಅದು."

"ಒಂದು ಮರದಲ್ಲಿ ಜುಲೈಯಲ್ಲಿ ಒಮ್ಮೆ ಉದುರಿ ನಿಂತಿತು. ಇನ್ನೊಂದರಲ್ಲಿ ಜುಲೈಯಲ್ಲೂ ಆಗಸ್ಟಲ್ಲೂ ಸೆಪ್ಟೆಂಬರಲ್ಲೂ ಉದುರಿತು. ಮೊದಲ ಸಲ ಉದುರಿದ ತಾರೀಕು ಮಾತ್ರ ನೋಡಿದರೆ ಎರಡೂ ಒಂದೇ."

"ಹಾಗೆ ಲೆಕ್ಕ ಇಟ್ಟರೆ ತೋಟ ಮಾಡಿದ ಹಾಗೆಯೇ" ಎಂದು ಅಪ್ಪ ನಕ್ಕರು.

ಸರಿ, ಎಲ್ಲವನ್ನೂ ಎಣಿಸೋಣ. 1982ರಲ್ಲಿ ಆಂಡರ್ಸನ್ ಮತ್ತು ಗಿಲ್ ಎಂಬವರು ಕೊಟ್ಟ ಮಾದರಿ ಅದೇ: ಒಬ್ಬರಿಗೆ ಎಷ್ಟು ಸಲ ಆಯಿತೋ ಅಷ್ಟನ್ನೂ ಲೆಕ್ಕಕ್ಕೆ ತರುವುದು. ಅದರ ಸರಳ ರೂಪದಲ್ಲಿ, ಮೊದಲು ಆದದ್ದಕ್ಕೂ ಮುಂದೆ ಆಗುವುದಕ್ಕೂ ಸಂಬಂಧ ಇಲ್ಲ ಎಂದು ಇಟ್ಟುಕೊಳ್ಳಬೇಕಾಗುತ್ತದೆ. ಆದರೆ ಒಮ್ಮೆ ಆಸ್ಪತ್ರೆ ಸೇರಿದ ಹೃದಯರೋಗಿ ಮತ್ತೆ ಸೇರುವ ಸಂಭವ ಹೆಚ್ಚು ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. 1989ರಲ್ಲಿ ವೇ, ಲಿನ್, ವೈಸ್‌ಫೆಲ್ಡ್ ಎಂಬ ಮೂವರು, ಮೊದಲನೆಯ ಸಲಕ್ಕೆ ಒಂದು ಗಡಿಯಾರ, ಎರಡನೆಯದಕ್ಕೆ ಇನ್ನೊಂದು, ಮೂರನೆಯದಕ್ಕೆ ಮತ್ತೊಂದು, ಎಲ್ಲವೂ ಮೊದಲ ದಿನದಿಂದಲೇ ಓಡಲಿ ಎಂದರು. ಅದರಲ್ಲೂ ಒಂದು ಸಿಕ್ಕು: ಮೊದಲ ಸಲವೇ ಆಗದವರನ್ನೂ ಮೂರನೆಯದರ ಸಾಲಿನಲ್ಲಿ ಕಾಯಿಸಿದ ಹಾಗಾಗುತ್ತದೆ.

"ಎಲ್ಲ ಮರಕ್ಕೂ ಒಂದೇ ತರ ಬರುವುದಿಲ್ಲ ಮಗಾ" ಎಂದರು ಅಪ್ಪ. "ಕೆಳಗಿನ ಸಾಲು ನೋಡು, ನೀರು ನಿಲ್ಲುವ ಜಾಗ. ಎಷ್ಟು ಮದ್ದು ಬಿಟ್ಟರೂ ಅಲ್ಲಿ ಹೆಚ್ಚೇ." ಸಂಖ್ಯಾಶಾಸ್ತ್ರದವರು ಇದಕ್ಕೆ ಫ್ರೇಯ್ಲ್ಟಿ ಎನ್ನುತ್ತಾರೆ. ಅಳತೆಗೆ ಸಿಕ್ಕದ, ಒಳಗೇ ಇರುವ ದುರ್ಬಲತೆ. ಕೆಲವರಿಗೆ ಮತ್ತೆ ಮತ್ತೆ ಆಗುವುದು, ಅವರೇ ಬೇಗ ಹೋಗುವುದು. ಎರಡಕ್ಕೂ ಅದೇ ಬೇರು ಎಂದು ಹಿಡಿದು ಆಸ್ಪತ್ರೆಯನ್ನೂ ಸಾವನ್ನೂ ಜೊತೆಯಲ್ಲಿ ಲೆಕ್ಕ ಹಾಕುವ ಮಾದರಿಗಳಿವೆ.

"ಇನ್ನೊಂದು ಕೇಳಿ. ಒಂದು ಮದ್ದು ಬಿಟ್ಟ ಮರಗಳು ಗಾಳಿಗೆ ಮುರಿದು ಬಿದ್ದವು. ಅವುಗಳಲ್ಲಿ ಕೊಳೆರೋಗ ಕಡಿಮೆ. ಮದ್ದು ಒಳ್ಳೆಯದಾ?"

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮರವೇ ಇಲ್ಲದ ಮೇಲೆ ಉದುರುವುದು ಎಲ್ಲಿಂದ?"

ಇದೇ ದೊಡ್ಡ ತೊಡಕು. ತೀರಿಕೊಂಡವರು ಮತ್ತೆ ಆಸ್ಪತ್ರೆಗೆ ಸೇರುವುದಿಲ್ಲ. ಆಸ್ಪತ್ರೆಯ ಲೆಕ್ಕ ಮಾತ್ರ ನೋಡಿದರೆ, ಬೇಗ ಸಾಯಿಸುವ ಔಷಧಿಯೂ ಒಳ್ಳೆಯದಾಗಿ ಕಂಡೀತು. ಪ್ರಯೋಗದ ನಡುವೆ ದುಬೈಯಲ್ಲಿರುವ ಮಗನ ಹತ್ತಿರ ಹೊರಟುಹೋದವರ ವಿಷಯ ಬೇರೆ. 'ಇಲ್ಲಿಯ ತನಕ ಚೆನ್ನಾಗಿದ್ದರು, ಆಮೇಲಿನದ್ದು ಕಂಡಿಲ್ಲ' ಎಂದು ಅವರನ್ನು ಲೆಕ್ಕದಲ್ಲಿ ಉಳಿಸಿಕೊಳ್ಳುವ ಉಪಾಯವನ್ನು 1958ರಲ್ಲೇ ಕಪ್ಲಾನ್ ಮತ್ತು ಮಯರ್ ಹೇಳಿಕೊಟ್ಟಿದ್ದಾರೆ. ಆದರೆ ಸತ್ತವರನ್ನು ದುಬೈಗೆ ಹೋದವರ ಹಾಗೆ ನೋಡಿದರೆ ಲೆಕ್ಕ ತಪ್ಪುತ್ತದೆ. ಇದಕ್ಕೆ ಕಾಂಪಿಟಿಂಗ್ ರಿಸ್ಕ್, ಅಂದರೆ ಪೈಪೋಟಿಯ ಅಪಾಯ ಎನ್ನುತ್ತಾರೆ. ಫೈನ್ ಮತ್ತು ಗ್ರೇ 1999ರಲ್ಲಿ ಕೊಟ್ಟ ವಿಧಾನ ಇಂಥ ಕಡೆ ಬಳಕೆಯಲ್ಲಿದೆ.

ಇನ್ನೊಂದು ವಿಧಾನವಂತೂ ನಮ್ಮ ಊರಿನದ್ದೇ ಎಂಬ ಹಾಗಿದೆ. 2012ರಲ್ಲಿ ಸ್ಟುವರ್ಟ್ ಪೊಕಾಕ್ ಮತ್ತು ಸಂಗಡಿಗರು ಹೇಳಿದ ವಿನ್ ರೇಶಿಯೋ. ಜೋಡುಕರೆ ಕಂಬಳದ ಹಾಗೆ ಒಂದು ಕರೆಯಲ್ಲಿ ಹೊಸ ಔಷಧಿಯವರು, ಇನ್ನೊಂದರಲ್ಲಿ ಹಳೆಯದರವರು. ಈಚೆಯ ಪ್ರತಿಯೊಬ್ಬರನ್ನೂ ಆಚೆಯ ಪ್ರತಿಯೊಬ್ಬರ ಜೊತೆ ಓಡಿಸುವುದು. ಮೊದಲು ಯಾರು ಹೆಚ್ಚು ಕಾಲ ಬದುಕಿದರು ಎಂದು ನೋಡು. ಅದರಲ್ಲಿ ತೀರ್ಮಾನ ಆಗದಿದ್ದರೆ ಮಾತ್ರ ಯಾರು ತಡವಾಗಿ ಆಸ್ಪತ್ರೆ ಸೇರಿದರು ಎಂದು ನೋಡು. ಕೊನೆಗೆ ಗೆಲುವೆಷ್ಟು, ಸೋಲೆಷ್ಟು. ಸಾವನ್ನೂ ಆಸ್ಪತ್ರೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಅಮ್ಮನ ಮೊದಲ ಆಕ್ಷೇಪಕ್ಕೆ ಇದು ಉತ್ತರ. ಇದರ ಕೊರತೆ ಏನೆಂದರೆ ಎಷ್ಟು ಅಂತರದಲ್ಲಿ ಗೆದ್ದರು ಎಂದು ಗೊತ್ತಾಗುವುದಿಲ್ಲ. ಒಂದು ದಿನ ಹೆಚ್ಚು ಬದುಕಿದರೂ ಗೆಲುವೇ, ಒಂದು ವರ್ಷ ಹೆಚ್ಚು ಬದುಕಿದರೂ ಗೆಲುವೇ.

ಹಾಗಾದರೆ ಯಾವುದನ್ನು ಆರಿಸಬೇಕು? ಧಾರವಾಡದ ಅಕ್ಕ ಒಂದು ಪ್ರಯೋಗ ತೋರಿಸಿದರು. ಅಪ್ಪನ ಮಾತ್ರೆಯನ್ನೇ ಬೇರೆ ಬಗೆಯ ಹೃದಯರೋಗದಲ್ಲಿ, ಪಂಪ್ ಸರಿಯಾಗಿದ್ದರೂ ಬಿಗಿಯಾದ ಹೃದಯದವರಲ್ಲಿ ಪರೀಕ್ಷಿಸಿದ ಪ್ಯಾರಗಾನ್-ಎಚ್‌ಎಫ್, 2019ರದ್ದು. ಅಲ್ಲಿ ಮೊದಲನೆಯ ಸಲ ಮಾತ್ರವಲ್ಲ, ಆಸ್ಪತ್ರೆ ಸೇರಿದ ಎಲ್ಲ ಸಲವನ್ನೂ ಹೃದಯದ ಸಾವನ್ನೂ ಎಣಿಸಲು ಮೊದಲೇ ನಿರ್ಧರಿಸಿದ್ದರು. ಹೊಸ ಮಾತ್ರೆಯ ಗುಂಪಿನಲ್ಲಿ 526 ಜನರಿಗೆ 894 ಘಟನೆ, ಇನ್ನೊಂದರಲ್ಲಿ 557 ಜನರಿಗೆ 1,009. ನಾನು ಬೆಂಚಿನ ಮೇಲೆ ಕೂತು ನೋಡುತ್ತಿದ್ದಂಥ ಕೋಡ್ ಓಡಿಸಿದ್ದರೆ ಎರಡೂ ಗುಂಪು ಸೇರಿ 820 ಘಟನೆ ಲೆಕ್ಕದಿಂದ ಹೊರಗೆ. ಎಂಟುನೂರ ಇಪ್ಪತ್ತು ಸಲ ಯಾರದ್ದೋ ಮನೆಯವರು ಬೆಂಚಿನ ಮೇಲೆ ಕೂತಿದ್ದಾರೆ.

ಅಷ್ಟೆಲ್ಲ ಎಣಿಸಿದರೂ ಆ ಪ್ರಯೋಗ ಗೆಲ್ಲಲಿಲ್ಲ. ಶೇ. 13ರಷ್ಟು ಕಡಿಮೆ ಕಂಡರೂ ಅದು ಆಕಸ್ಮಿಕವಲ್ಲ ಎಂದು ಹೇಳಲು ಬೇಕಾದ ಗೆರೆಯನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತು. ಇಂಥ ಹೊತ್ತಿನಲ್ಲಿ, ಬೇರೆ ವಿಧಾನದಲ್ಲಿ ನೋಡಿದ್ದರೆ ಗೆಲ್ಲುತ್ತಿತ್ತೇನೋ ಎಂಬ ಆಸೆ ಹುಟ್ಟುತ್ತದೆ. ಹಾಗೆ ಮಾಡುವಂತಿಲ್ಲ. ಕೋಣ ಓಡಿದ ಮೇಲೆ ಮಂಜೊಟ್ಟಿಯನ್ನು ಈಚೆ ಸರಿಸಿದರೆ ಯಾರು ಒಪ್ಪುತ್ತಾರೆ? ವಿಧಾನವನ್ನು ಆರಿಸಬೇಕಾದದ್ದು ಲೆಕ್ಕ ನೋಡುವ ಮೊದಲು. ಅದೂ ಯಾವುದು ಗೆಲ್ಲಿಸುತ್ತದೆ ಎಂದಲ್ಲ, ರೋಗಿಗೆ ಯಾವುದು ಮುಖ್ಯ ಎಂದು ಕೇಳಿ.

ನನ್ನ ಸಿಟ್ಟು ಇಳಿದದ್ದು ಆಗ. ಮೊದಲ ಘಟನೆಯ ಲೆಕ್ಕ ಮೋಸವಲ್ಲ. ಹೊಸ ಮಾತ್ರೆ ಮೊದಲ ಹೊಡೆತವನ್ನು ಎಷ್ಟು ದೂರ ತಳ್ಳುತ್ತದೆ ಎಂಬುದು ನಿಜವಾದ ಪ್ರಶ್ನೆ, ಅದಕ್ಕೆ ಅದು ನೇರ ಉತ್ತರ. ಪ್ಯಾರಡೈಮ್ ಪ್ರಯೋಗದ ಮಾಹಿತಿಯನ್ನೇ ಮುಂದೆ ಎಲ್ಲ ಸಲವನ್ನೂ ಎಣಿಸಿ ನೋಡಿದಾಗಲೂ ಲಾಭ ಅದೇ ದಿಕ್ಕಿನಲ್ಲಿತ್ತು. ತಪ್ಪಾಗುವುದು ನಾವು ಒಂದು ಪ್ರಶ್ನೆ ಮನಸ್ಸಿನಲ್ಲಿಟ್ಟುಕೊಂಡು ಇನ್ನೊಂದರ ಉತ್ತರ ಓದಿದಾಗ.

ಆ ವರ್ಷ ಏಪ್ರಿಲ್‌ನಲ್ಲಿ ಅಪ್ಪ ಪೇಪರ್ ಹಿಡಿದು ನನ್ನನ್ನು ಕರೆದದ್ದು ನೆನಪಿದೆ. ಸಿ. ಆರ್. ರಾವ್ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದಿತ್ತು. "ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದ್ದಂತೆ. ನಿನ್ನ ಕೆಲಸದವರೇ ಅಲ್ವಾ?" ಅಷ್ಟು ದೊಡ್ಡವರ ಸಾಲಿಗೆ ನನ್ನನ್ನು ಸೇರಿಸಿದ್ದಕ್ಕೆ ನಗು ಬಂತು. ಅದೇ ಪ್ರಶಸ್ತಿ ಮೊಟ್ಟಮೊದಲು ಹೋದದ್ದು ಡೇವಿಡ್ ಕಾಕ್ಸ್ ಅವರಿಗೆ, 1972ರಲ್ಲಿ ಅವರು ಕೊಟ್ಟ ಸರ್ವೈವಲ್ ಮಾದರಿಗೆ. ನನ್ನ ದಿನದ ಅನ್ನ ಆ ಮಾದರಿಯಿಂದ ಎಂದು ಹೇಳಿದೆ. "ಹಾಗಾದರೆ ಅವರ ಹೆಸರಲ್ಲೂ ಒಂದು ಕಾಯಿ ಒಡೆಯಬೇಕು" ಅಂದರು ಅಪ್ಪ.

ನಾಲ್ಕನೇ ಸಲ 2024ರ ಜನವರಿಯಲ್ಲಿ, ಹನ್ನೆರಡು ರಾತ್ರಿ. ಮನೆಗೆ ಬಂದರು. ಫೆಬ್ರವರಿ 11ರ ಬೆಳಿಗ್ಗೆ ಹೋದರು, ಅವರ ಮಂಚದಲ್ಲೇ.

ವರ್ಷಾಂತಿಕ ಮುಗಿದ ಮೇಲೆ ಅಡುಗೆಮನೆಗೆ ಸುಣ್ಣ ಹೊಡೆಸುವಾಗ ಗೋಡೆಯ ಮೊಳೆಯಿಂದ ಮೂರು ವರ್ಷದ ಕ್ಯಾಲೆಂಡರ್‌ಗಳು ಕೆಳಗಿಳಿದವು, ಒಂದರ ಹಿಂದೆ ಒಂದು. ಹಾಲಿನ ಲೆಕ್ಕ, ಆಳುಗಳ ಲೆಕ್ಕ, ಗ್ಯಾಸ್ ಬಂದ ದಿನ. ಅವುಗಳ ನಡುವೆ 2022ರ ಜುಲೈ 3ರಿಂದ ಪ್ರತಿ ತಾರೀಕಿಗೂ ಪೆನ್ಸಿಲಿನ ಒಂದು ಸಣ್ಣ ಸುತ್ತು. ಕೆಲವು ಕಡೆ ಸುತ್ತು ಇಲ್ಲ. ಆರು ದಿನ, ಒಂಬತ್ತು ದಿನ, ಐದು, ಹನ್ನೆರಡು.

"ಇದೆಂತ ಅಮ್ಮ?"

"ಅಪ್ಪ ಮನೆಯಲ್ಲಿ ಮಲಗಿದ ದಿನ."

ಕೂತು ಎಣಿಸಿದೆ. 588 ರಾತ್ರಿಗಳಲ್ಲಿ 556. ನನ್ನ ಕೋಡಿನಲ್ಲಿ 47ಕ್ಕೆ ನಿಂತುಹೋಗುವ ಅಪ್ಪ ಅಮ್ಮನ ಲೆಕ್ಕದಲ್ಲಿ ಕೊನೆಯ ರಾತ್ರಿಯ ತನಕ ಇದ್ದರು. ಆಸ್ಪತ್ರೆಯ ಹೊರಗೆ ಜೀವಂತವಾಗಿದ್ದ ದಿನಗಳು ಎಂಬ ಲೆಕ್ಕವನ್ನು ಕೆಲವು ಪ್ರಯೋಗಗಳಲ್ಲಿ ಈಗ ಬಳಸುತ್ತಾರೆ ಎಂದು ನನಗೆ ಅಷ್ಟರಲ್ಲಿ ಗೊತ್ತಾಗಿತ್ತು. ಅಮ್ಮ ಅದನ್ನು ಯಾರಿಂದಲೂ ಕಲಿತಿರಲಿಲ್ಲ.

ಆ ದುಬಾರಿ ಮಾತ್ರೆಯಿಂದ ಎಷ್ಟು ಸುತ್ತು ಹೆಚ್ಚಾಯಿತು ಎಂದು ಅಮ್ಮ ಕೇಳಿದರು. ಒಬ್ಬರ ವಿಷಯದಲ್ಲಿ ಅದನ್ನು ಹೇಳಲಾಗುವುದಿಲ್ಲ ಅಂದೆ. ಮಾತ್ರೆ ತಿಂದ ಅಪ್ಪ, ತಿನ್ನದ ಅಪ್ಪ ಎಂದು ಇಬ್ಬರಿಲ್ಲವಲ್ಲ. ನೂರು ಜನರಲ್ಲಿ, ಎರಡು ವರ್ಷ ಚಿಲ್ಲರೆ ಅವಧಿಯಲ್ಲಿ, ಹಳೆಯ ಮಾತ್ರೆಯವರಲ್ಲಿ ಸುಮಾರು 27 ಜನ ತೀರಿಕೊಂಡರು ಅಥವಾ ಆಸ್ಪತ್ರೆ ಸೇರಿದರು, ಹೊಸದರವರಲ್ಲಿ ಸುಮಾರು 22. ಅಂದರೆ ನೂರಕ್ಕೆ ಐದು ಜನರ ಉಪಕಾರ. ಶೇ. 20 ಎಂದು ನಾನು ಅವತ್ತು ಹೇಳಿದ್ದು ಇದನ್ನೇ. ಹೀಗೆ ಹೇಳಿದ್ದರೆ ಅವರಿಗೆ ಅರ್ಥವಾಗುತ್ತಿತ್ತು. ಅಮ್ಮ ಕೇಳಿಸಿಕೊಂಡು, "ಆ ಐದರಲ್ಲಿ ಇದ್ದರು ಅಂತಲೇ ಇಟ್ಟುಕೊಳ್ಳುವ" ಎಂದರು.

ಔಷಧಿಯಿಂದ ಇಷ್ಟು ಅಪಾಯ ಕಡಿಮೆ ಎಂದು ನಿಮ್ಮ ಮನೆಯಲ್ಲೂ ಯಾರಾದರೂ ಹೇಳುವ ದಿನ ಬಂದರೆ, ಮೂರು ಮಾತು ಕೇಳಿ ನೋಡಿ. ಯಾವುದರ ಅಪಾಯ, ಕಟ್ಟಿನಲ್ಲಿ ಏನೇನಿದೆ? ನೂರು ಜನರಲ್ಲಿ ಎಷ್ಟು ಜನರಿಗೆ? ಮೊದಲ ಸಲದ ನಂತರದ್ದನ್ನು ಎಣಿಸಿದ್ದಾರಾ? ಡಾಕ್ಟರಿಗೆ ಬೇಸರವಾಗಲಿಕ್ಕಿಲ್ಲ. ನಮ್ಮ ಡಾಕ್ಟರ್ ಅಂತೂ ಕುರ್ಚಿ ಎಳೆದು ಕೂತು ಹೇಳಿದರು.

ಈಗಲೂ ಅದೇ ಮೇಜು, ಅದೇ ಕೆಲಸ. ಮೊದಲನೆಯದನ್ನು ಇಟ್ಟುಕೋ, ಉಳಿದದ್ದನ್ನು ಬಿಡು ಎಂಬ ಸಾಲನ್ನು ಈಗಲೂ ಬರೆಯುತ್ತೇನೆ, ಪ್ರಶ್ನೆ ಅದನ್ನು ಕೇಳಿದರೆ. ಆದರೆ ಬರೆಯುವ ಮೊದಲು ಬಿಟ್ಟುಹೋಗುವ ಸಾಲುಗಳು ಎಷ್ಟು ಎಂದು ಒಮ್ಮೆ ಎಣಿಸಿ, ಆ ಸಂಖ್ಯೆಯನ್ನು ವರದಿಯ ಕೆಳಗೆ ಬರೆದಿಡುತ್ತೇನೆ. ಯಾರೂ ಕೇಳುವುದಿಲ್ಲ. ಅಮ್ಮನ ಮೂರು ಕ್ಯಾಲೆಂಡರ್‌ಗಳು ಮೇಜಿನ ಡ್ರಾಯರಿನಲ್ಲಿವೆ, ಅಪ್ಪನ ಕೊಳೆರೋಗದ ಪುಸ್ತಕದ ಜೊತೆ.